ಸಾಮಾನಿನ ಚೀಟಿಯ ಪಾಠಪರಿಷ್ಕರಣೆ: ಬಡ ಉಗ್ರಾಣವನ್ನು ಕುರಿತ ಒಂದು ಸಂಶೋಧನ ಪ್ರಬಂಧ

ನಮ್ಮ ಅಡುಗೆಮನೆಗಳಲ್ಲಿ ಪ್ರತಿ ತಿಂಗಳ ಮೊದಲ ವಾರ ಒಂದು ಕೃತಿ ರಚನೆಯಾಗುತ್ತದೆ. ಕರ್ತೃ ಮನೆಯ ಯಜಮಾನಿ. ಲಿಪಿ ಅವಸರದ್ದು. ಹಾಳೆ ಸಾಮಾನ್ಯವಾಗಿ ಕಳೆದ ವರ್ಷದ ಕ್ಯಾಲೆಂಡರಿನ ಬೆನ್ನು. ತಾಳೆಗರಿಗಳಿಗೆ ಕಣ್ಣು ಸವೆಸಿದ ವಿದ್ವಾಂಸರು ಸಾಮಾನಿನ ಚೀಟಿಯೆಂಬ ಈ ಕೃತಿಯತ್ತ ಹೊರಳಿಯೂ ನೋಡದಿರುವುದು ಶೋಚನೀಯ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಡಬ್ಬಿಗಳನ್ನು ತುಂಬುವುದು ಸಂಶೋಧಕನ ವ್ಯಾಪ್ತಿಗೆ ಬರುವುದಿಲ್ಲ.

ಚೀಟಿಗೆ ಕನಿಷ್ಠ ಮೂರು ಪಾಠಗಳಿವೆ. ಮೂಲಪಾಠದಲ್ಲಿ 'ತೊಗರಿಬೇಳೆ 3 ಕೆಜಿ' ಎಂದಿರುತ್ತದೆ. ಬಾಡಿಗೆ, ಶಾಲೆಯ ಫೀಸು, ಸ್ಕೂಟರಿನ ಕಂತು ಕಳೆದ ಮೇಲೆ ಅದೇ ಕೈ 3ನ್ನು ಹೊಡೆದುಹಾಕಿ 2 ಎಂದು ತಿದ್ದುತ್ತದೆ; ಇದು ಪರಿಷ್ಕೃತ ಪಾಠ. ಅಂಗಡಿ ಕಟ್ಟೆಯ ಮುಂದೆ ದರ ಕಿವಿಗೆ ಬಿದ್ದ ಕ್ಷಣ ಹುಟ್ಟುವುದು ಮೌಖಿಕ ಪಾಠ: 'ಒಂದು ಕೆಜಿ ಸಾಕಣ್ಣ, ಹುರುಳಿ ಒಂದು ಕೆಜಿ ಕಟ್ಟು.' ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಚೀಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಅಡ್ಡಗೆರೆ. ಕೊನೆಯಲ್ಲಿ ಬರುವ 'ಚಿಪ್ಸ್ 2, ದೊಡ್ಡದು' ಎಂಬ ಸಾಲು ಪ್ರಕ್ಷಿಪ್ತ. ಅಲ್ಲಿನ ಅಕ್ಷರ ಏಳನೇ ತರಗತಿಯದು, ಮೂಲ ಕರ್ತೃವಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಪೂರ್ವಸೂರಿಗಳ ವಿಚಾರ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ದಾಸ್ತಾನಿನಲ್ಲಿ ಅರ್ಧವನ್ನು ಜನರ ಆಪತ್ಕಾಲಕ್ಕೆ ಎತ್ತಿಡಬೇಕು, ಅರ್ಧವನ್ನು ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ಖಾಲಿ ಮಾಡಬೇಕು ಎಂದು ಅಲ್ಲಿ ವಿಧಿಸಿದೆ. ಕೊನೆಯ ವಿಧಿಗೆ ತಕರಾರಿಲ್ಲ. ಹೊಸ ಅಕ್ಕಿಯನ್ನು ತಳಕ್ಕೆ ಸುರಿದು ಹಳೆಯದನ್ನು ಮೇಲೆ ಹಾಕುವ ಅಜ್ಜಿಯರು ಸಂಸ್ಕೃತವಿಲ್ಲದೆಯೇ ಅದನ್ನು ಪಾಲಿಸಿಕೊಂಡು ಬಂದಿದ್ದಾರೆ. ಅರ್ಧ ಎತ್ತಿಡುವ ವಿಧಿ ಮಾತ್ರ ಚಿಂತ್ಯ. ಅರ್ಧ ಎತ್ತಿಡಲು ಮೊದಲು ಪೂರ್ತಿ ಇರಬೇಕಷ್ಟೆ. ಆಚಾರ್ಯನಿಗೆ ಕಪ್ಪಕಾಣಿಕೆ ಗೊತ್ತಿತ್ತು, 25ನೇ ತಾರೀಕು ಗೊತ್ತಿರಲಿಲ್ಲ.

ಹುಳದ ವಿರುದ್ಧ ನಮ್ಮವರು ಹೂಡಿದ ಅಸ್ತ್ರಗಳು ಸರ್ವವಿದಿತ: ಅಕ್ಕಿಗೆ ಒಣಗಿದ ಬೇವಿನೆಲೆ, ಬೇಳೆಗೆ ಹರಳೆಣ್ಣೆ, ರವೆಗೆ ಬಾಣಲೆಯಲ್ಲಿ ಒಂದು ಸುತ್ತು. ಆದರೆ ಉಗ್ರಾಣದ ನಿಜವಾದ ಶತ್ರು ಹುಳವಲ್ಲ, ಮನೆಯವರು. ದಾಸ್ತಾನು ಮಾಡುವುದೆಂದರೆ ಕೊಳ್ಳುವ ವಿದ್ಯೆ ಎಂದು ಪತ್ರಿಕೆಗಳ ಗೃಹಿಣಿ ಪುಟ ಬೋಧಿಸುತ್ತದೆ. ತಪ್ಪು. ಅದು ಬಚ್ಚಿಡುವ ವಿದ್ಯೆ. ಹಿಂದಿನವರು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಇಳಿದವನಿಗೆ ಒಳಗಿನ ಕೆಟ್ಟ ಗಾಳಿಯಿಂದ ಉಸಿರು ಕಟ್ಟುತ್ತಿದ್ದುದರಿಂದ, ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಬೀಗ ಇದುವರೆಗೆ ಬಂದಿಲ್ಲ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಹಗೇವು ತೋಡಲು ಕೆಳಗಿನವರು ಒಪ್ಪುವುದು ಕಷ್ಟ.

ಆದ್ದರಿಂದ ಆಧುನಿಕ ಯಜಮಾನಿ ಡಬ್ಬಿಶಾಸ್ತ್ರವನ್ನು ಆಶ್ರಯಿಸಿದ್ದಾಳೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, 'ಸಕ್ಕರೆ' ಎಂದು ಬರೆದಿರುವುದರಲ್ಲಿ ಕಲ್ಲುಪ್ಪು. ಗೋಡಂಬಿ ಇರುವುದು ಮೆಂತ್ಯದ ಡಬ್ಬಿಯಲ್ಲಿ. ಮೆಂತ್ಯವನ್ನು ಕದ್ದು ತಿಂದ ಮನುಷ್ಯನ ಉಲ್ಲೇಖ ಯಾವ ಶಾಸನದಲ್ಲೂ ಇಲ್ಲವೆಂಬುದು ಇಲ್ಲಿನ ತರ್ಕ. ಮೇಲಿನ ಹೆಸರೂ ಒಳಗಿನ ಪದಾರ್ಥವೂ ಒಂದೇ ಆಗಿರುವ ಮನೆಯಲ್ಲಿ ತಿಂಗಳ ಸಾಮಾನು ಹದಿನೈದು ದಿನ ಬಂದರೆ ಹೆಚ್ಚು. ಸಾಸಿವೆ ಡಬ್ಬಿಯಲ್ಲಿ ನೋಟು ಇಡುವ ಪದ್ಧತಿ ಈಗ ಗಂಡಸರಿಗೆಲ್ಲ ತಿಳಿದುಹೋಗಿರುವುದರಿಂದ ಅದು ಅಳಿವಿನಂಚಿನಲ್ಲಿದೆ.

ದಾಸ್ತಾನೆಂದರೆ ಬಚ್ಚಿಡುವ ವಿದ್ಯೆಯೆಂಬ ಈ ಸಿದ್ಧಾಂತಕ್ಕೆ ಸರ್ಕಾರವೂ ಒಂದು ಪುರಾವೆ ಒದಗಿಸಿತು. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಹೊಂದಿಸಲಾಗದೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಅಕ್ಕಿಯ ಮೂಟೆಯನ್ನು ಯಾವ ಗಂಡನೂ 'ಸಂಜೆ ಕೊಡ್ತೀನಿ ಕಣೇ' ಎಂದು ಕೇಳಿ ಪಡೆಯುವುದಿಲ್ಲ. 170 ರೂಪಾಯಿಯನ್ನು ಕೇಳುತ್ತಾನೆ. ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಡೋಣವೆಂದರೆ ಬ್ಯಾಂಕಿನ ಸಂದೇಶ ಮೊದಲು ಬರುತ್ತಿದ್ದುದು ಅವನ ಮೊಬೈಲಿಗೇ.

ಮುಂದಿನ ಸಂಶೋಧಕರಲ್ಲಿ ಒಂದು ವಿನಂತಿ. ಕ್ಷೇತ್ರಕಾರ್ಯಕ್ಕೆ ಅಡುಗೆಮನೆಗೆ ಹೋಗುವವರು ಯಜಮಾನಿಯ ಅಪ್ಪಣೆ ಪಡೆದೇ ಡಬ್ಬಿ ಮುಟ್ಟಿ, ತೆಗೆದ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಮತ್ತು ಯಾವ ಡಬ್ಬಿಯಲ್ಲಿ ಏನು ಸಿಕ್ಕಿತೆಂಬುದನ್ನು ದಯವಿಟ್ಟು ಪ್ರಕಟಿಸಬೇಡಿ.