ಪೀಜಿ ಸೀಟಿನ ಸುಗ್ಗಿ

ರಾಮದುರ್ಗ ತಾಲೂಕಿನ ಕಟಕೋಳದ ಹುಡುಗ ಎಂಬಿಬಿಎಸ್ ಮುಗಿಸಿದರೆ ಡಾಕ್ಟರನಾದ ಎಂದು ಊರು ಒಪ್ಪುವುದಿಲ್ಲ. "ಮುಂದ ಏನ್ ಮಾಡಾಂವ?" ಎಂದು ಚಹಾದಂಗಡಿ ಕೇಳಿಯೇ ಕೇಳುತ್ತದೆ. ನೀಟ್ ಪೀಜಿ ರ‍್ಯಾಂಕ್ ಬಂದ ಮೇಲಂತೂ ಕಾಲೇಜು-ಬ್ರಾಂಚಿನ ಆಪ್ಷನ್ ಎಂಟ್ರಿ ಮಾಡುವುದು ಹುಡುಗನಲ್ಲ, ಅವನ ಬಳಗ. ಕಬ್ಬಿನ ಬಿಲ್ಲಿಗೆ ಕಾಯುತ್ತ ಕೂತ ಕಾಕಾ, "ರೇಡಿಯಾಲಜಿ ತಗೋ, ರಾತ್ರಿ ನಿದ್ದಿ ಹತ್ತತೈತಿ" ಎನ್ನುತ್ತಾನೆ. ಸೋದರಮಾವನಿಗೆ ಎಲುಬಿನ ಡಾಕ್ಟರೇ ಆಗಬೇಕು, ಮೊಣಕಾಲು ಅವನದು. ಅನಾಟಮಿ ಎಂದರೆ ಎಲ್ಲರ ಮುಖದಲ್ಲೂ ಸಂತಾಪ. 2023ರಲ್ಲಿ ಇಂಥ ಸೀಟುಗಳು ಖಾಲಿ ಉಳಿದು, ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಬೇಕಾಯಿತು. ಪರೀಕ್ಷೆಗೆ ಕೂತಿದ್ದೇ ಅರ್ಹತೆ!

ಸೀಟು ಆರಿಸುವುದೂ ಕನ್ಯಾ ನೋಡುವ ಗದ್ದಲವೇ. ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಂದೇ ಲೆಕ್ಕದಲ್ಲಿ ಬಿಡಿಸಿದ್ದರು. ಅಮೆರಿಕದ ಆಸ್ಪತ್ರೆಗಳು ಅದಕ್ಕೂ ಹತ್ತು ವರ್ಷ ಮೊದಲೇ ಹೆಚ್ಚುಕಡಿಮೆ ಅದೇ ಲೆಕ್ಕದಿಂದ ರೆಸಿಡೆಂಟರನ್ನು, ಅಂದರೆ ಪೀಜಿ ಕಲಿಯುವ ಡಾಕ್ಟರರನ್ನು, ಹಂಚುತ್ತಿದ್ದವಂತೆ. ಶಾಪ್ಲಿಗೆ 2012ರಲ್ಲಿ ನೊಬೆಲ್ ಬಂತು. ಅಮೆರಿಕದಲ್ಲಿ ಹುಡುಗನೂ ಪಟ್ಟಿ ಕೊಡುತ್ತಾನೆ, ಆಸ್ಪತ್ರೆಯೂ ಕೊಡುತ್ತದೆ. ನಮ್ಮಲ್ಲಿ ಆಸ್ಪತ್ರೆಗೆ ಬಾಯಿಲ್ಲ, ರ‍್ಯಾಂಕೇ ಮಾತಾಡುತ್ತದೆ. ಹಾಗಾಗಿ ನೋಡಿ-ಕೇಳುವ ಕೆಲಸವೆಲ್ಲ ಒಂದೇ ಕಡೆಯವರ ಪಾಲಿಗೆ.

ಆದರೆ ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ. ರೆಸಿಡೆಂಟರಿಗೆ ವಾರಕ್ಕೆ 48 ತಾಸು, ಒಮ್ಮೆಗೆ 12 ತಾಸು ಮೀರದ ಡ್ಯೂಟಿ ಎಂದು ಕೇಂದ್ರ ಸರ್ಕಾರ 1992ರಲ್ಲೇ ಬರೆದಿಟ್ಟಿದೆ. ಅದನ್ನು ವಾರ್ಡಿನಲ್ಲಿ ಓದಿ ಹೇಳಿದರೆ ಜೋಕೆಂದು ನಗುತ್ತಾರೆ. ಸೋಮವಾರ ಬೆಳಿಗ್ಗೆ ಹೋದವನು ಮಂಗಳವಾರ ಸಂಜೆ ಬರುತ್ತಾನೋ, ಹುಡುಗನ ಕೈಗೆ ಕತ್ತರಿ ಬರುತ್ತದೋ ಅಥವಾ ಮೂರು ವರ್ಷ ಆಪರೇಷನ್ನಿನಲ್ಲಿ ರಿಟ್ರ್ಯಾಕ್ಟರ್ ಜಗ್ಗಿ ಹಿಡಿಯುವುದೇ ಕೆಲಸವೋ, ಇವು ಬ್ರಾಂಚಿನ ಹೆಸರಿಗಿಂತ ದೊಡ್ಡ ಪ್ರಶ್ನೆಗಳು.

ಊರಿನ ಹತ್ತಿರ ಎಂದು ಹುಬ್ಬಳ್ಳಿ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಅಥವಾ ಬೆಳಗಾವಿ ಬಿಮ್ಸ್ ಬರೆದರೆ ಕಲಿಕೆಗೆ ಬರವಿಲ್ಲ. ಕೀಟನಾಶಕ ಕುಡಿದವನನ್ನು ನಡುರಾತ್ರಿ ಕ್ರೂಸರ್ ಜೀಪಿನಲ್ಲಿ ತರುತ್ತಾರೆ. ಅಣ್ಣ ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ಮುಂದೆ ಹಿಡಿಯುತ್ತಾನೆ. ರೆಸಿಡೆಂಟ್ ಒಂದು ಕೈಯಲ್ಲಿ ಟಾರ್ಚ್ ಹಿಡಿದು ಸಾಸಿವೆ ಕಾಳಿನಷ್ಟಾದ ಕಣ್ಣಿನ ಪಾಪೆ ನೋಡಿ, ಇನ್ನೊಂದು ಕೈಯಲ್ಲಿ ಲೇಬಲ್ ತಿರುಗಿಸಿ, ಅಟ್ರೊಪಿನ್ ಎಂದು ಕೂಗುತ್ತಾನೆ. ಈ ಪಾಠ ಪುಸ್ತಕದಿಂದ ಬರುವುದಿಲ್ಲ. ಹತ್ತಿರದ ತೊಂದರೆಯೂ ಇದೆ: "ನಮ್ಮ ಹುಡುಗ ಅದಾನಲ್ಲ" ಎಂದು ರಾಮದುರ್ಗ ತಾಲೂಕಿನ ಬೀಗರೆಲ್ಲ ಸ್ಕ್ಯಾನಿಂಗ್ ಚೀಟಿ ಹಿಡಿದು ಬರುತ್ತಾರೆ.

ದಿಲ್ಲಿಗೋ ಚಂಡೀಗಡಕ್ಕೋ ಹೋದರೆ ಬೀಗರ ಕಾಟ ತಪ್ಪೀತು. ಆದರೆ 2021ರ ಬ್ಯಾಚಿನಿಂದ ಪೀಜಿಯವರಿಗೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆ ಕಡ್ಡಾಯ. ರೋಗಿಗಳ ಸಾಲು ಅಲ್ಲಿಯೂ ಇರುತ್ತದೆ, ಭಾಷೆಯಷ್ಟೇ ಬೇರೆ.

ಪಟ್ಟಿ ಬರೆಯುವವರು ಕಾಲೇಜಿನ ಗೇಟಿನ ಫೋಟೊ ನೋಡಿ ಬರೆಯಬೇಡಿ. ರಾತ್ರಿ ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷದವರನ್ನು ಹಿಡಿದು ಕೇಳಿ. ಮೊದಲ ವರ್ಷದವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಮೂರನೇ ವರ್ಷದವರು ಅನುಭವಿಸಿದ್ದನ್ನೆಲ್ಲ ಮರೆತು ಕಾಲೇಜನ್ನು ಹೊಗಳಲು ಶುರುಮಾಡಿರುತ್ತಾರೆ.