ಎರಡು ತಲೆ ಹಾವಿನ ಕುಲಗೋತ್ರ

ಚೋರನೂರಿನ ಕಟ್ಟೆಯಲ್ಲಿ ಹಾವಿನ ಮಾತು ಎದ್ದರೆ ಚಹಾ ಆರಿಹೋಗುತ್ತದೆ. ಹೊಲದಲ್ಲಿ ಕಂಡದ್ದು ಕೆಂಪು ಮೈ, ಬಾಲಕ್ಕೆ ಕಪ್ಪು ಪಟ್ಟೆ. "ಇದು ಬ್ಯಾರೆ ಜಾತೀದು, ನಾ ಸಾಕ್ತೀನಿ" ಅಂದ ಒಬ್ಬ ಹುಡುಗ. "ಸೊಂಡೂರು ಮಣ್ಣು ತಿಂದೈತಿ, ಕೆಂಪಾಗೈತಿ" ಅಂದ ಇನ್ನೊಬ್ಬ. ಅದಿರು ಲಾರಿ ಹೋದಾಗ ನಾವೂ ಅದೇ ಬಣ್ಣವಾಗುವುದರಿಂದ ಯಾರೂ ಎದುರಾಡಲಿಲ್ಲ.

ಅಸಲಿಗೆ ಅದು ಮಣ್ಣುಮುಕ್ಕ, ಅಂದರೆ ಎರಡು ತಲೆ ಹಾವಿನ ಮರಿ. ಮರಿಗೆ ಕೆಂಗಿತ್ತಳೆ ಬಣ್ಣ, ಬಾಲಕ್ಕೆ ಉಂಗುರ. ಬೆಳೆದಂತೆ ಕಂದು, ಕೆಲವು ಕಡುಗಪ್ಪು. ಪರ್ಷಿಯಾ ಕಡೆಯದನ್ನು ಬೇರೆ ಉಪಪ್ರಭೇದ ಎಂದವರುಂಟು. ನಮ್ಮದು ಯಾವ ಬಣ್ಣದ್ದಾದರೂ ಎರಿಕ್ಸ್ ಜಾನಿಯೇ. ಅದರಲ್ಲಿ ‘ಜಾನಿ’ ಎಂಬುದು 1801ರಲ್ಲಿ ಪ್ಯಾಟ್ರಿಕ್ ರಸೆಲ್ ಇಟ್ಟದ್ದು, ತರಂಗಂಬಾಡಿಯ ಪಾದ್ರಿ ಜಾನ್ ನೆನಪಿಗೆ.

ಕಳ್ಳಸಾಗಣೆಯವರಿಗೆ ಇದ್ಯಾವುದೂ ಬೇಡ, ತಕ್ಕಡಿ ಸಾಕು. ಈ ಹಾವು ಮನೆಗೆ ಐಶ್ವರ್ಯ ತರುತ್ತದಂತೆ! ಅದು ಮಾತ್ರ ಪಾಪ, ಇಲಿ ಬಿಲದಲ್ಲಿ ಬಾಡಿಗೆ ಕೊಡದೆ ಬಿದ್ದಿರುತ್ತದೆ. ಸಾಕಿದರೆ 1972ರ ವನ್ಯಜೀವಿ ಕಾಯ್ದೆ ಮನೆಗೆ ತರುವುದು ಅರಣ್ಯ ಇಲಾಖೆಯವರನ್ನು.

ಹುಡುಗ ಫೋಟೊ ತೆಗೆಯಲು ಬಗ್ಗಿದ. ಅಜ್ಜ ಬೀಡಿ ಆರಿಸಿ ಕೇಳಿದ: "ತಲಿ ಯಾವ ಕಡೆ ಐತಿ ಅಂತ ಮೊದ್ಲು ಹೇಳಪಾ, ಜಾತಿ ಆಮ್ಯಾಲೆ ನೋಡೂಣು."