ಉಸಿರು ಎಳ್ಕೊಳ್ರಿ, ಯಜಮಾನ್ರ

"ದೀರ್ಘವಾಗಿ ಉಸಿರು ಎಳ್ಕೊಳ್ರಿ."

"ಎಳ್ಕೊಂಡೆ ಸಾಹೇಬ್ರ. ಕಬ್ಬಿನ ಬಿಲ್ ಬಂದಿಲ್ಲ."

"ಅದು ಹೊರಗಿನ ವಿಷಯ. ನಿಮ್ಮ ವಿಚಾರ ಬದಲಾಗಬೇಕು."

"ವಿಚಾರ ಬದಲಾದ್ರ ಬಡ್ಡಿ ನಿಲ್ತೈತೇನ್ರಿ?"

ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಎಲ್ಲಿಯಾದರೂ ಆಪ್ತಸಮಾಲೋಚನೆಯ ತಜ್ಞರು ಮತ್ತು ಕಬ್ಬು ಬೆಳೆಗಾರರ ನಡುವೆ ನಡೆಯಬಹುದಾದ ಮಾತಿದು. ತಪ್ಪು ತಜ್ಞರದಲ್ಲ, ಅವರಿಗೆ ಹೊರಿಸಿದ ಕೆಲಸದ್ದು. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ, ತಡವಾದರೆ ಶೇ. 15 ಬಡ್ಡಿ ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಬಾಕಿ ಉಳಿಸಿಕೊಂಡ ಕಾರ್ಖಾನೆಯ ಮಾಲೀಕರನ್ನು ಮಾತ್ರ ಯಾರೂ ಆಪ್ತಸಮಾಲೋಚನೆಗೆ ಕರೆಯುವುದಿಲ್ಲ. ಅವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ! ಹಾಗಾದರೆ ಚಿಕಿತ್ಸೆ ಬೇಡವೇ? ಖಂಡಿತ ಬೇಕು. ಟೆಲಿ ಮಾನಸ್‌ ಸಹಾಯವಾಣಿ 14416, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದು ಜೀವ ಉಳಿಸಲಿಕ್ಕೆ, ಬಾಕಿ ವಸೂಲಿಗಲ್ಲ. ಅನ್ಯಾಯ ತಡೆಯುವುದು ಕಾನೂನಿನ ಕೆಲಸ: ಸವದತ್ತಿಯ ದೇವದಾಸಿ ಪದ್ಧತಿಯನ್ನು ಅಪರಾಧವೆಂದದ್ದೂ 1982ರ ಕಾಯ್ದೆಯೇ, ಸಾಂತ್ವನವಲ್ಲ. ಕಬ್ಬಿನ ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಮೊದಲು ಅದನ್ನು ಬಳಸಲಿ.